ಎದೆಯ ಮೇಲಿನ ಪಟ್ಟಿ, ತಲೆಯೊಳಗಿನ ಪಾಠ

ಸ್ವಾತಂತ್ರ್ಯೋತ್ಸವದ ಬೆಳಿಗ್ಗೆ ಊರಿನ ಶಾಲೆಯ ಅಂಗಳಕ್ಕೆ ನಿವೃತ್ತ ಹವಾಲ್ದಾರರೊಬ್ಬರು ಇಸ್ತ್ರಿ ಮಾಡಿದ ಕೋಟು ತೊಟ್ಟು, ಎದೆಯ ಮೇಲೆ ಪದಕಗಳ ಸಾಲು ಧರಿಸಿ ಬಂದು ನಿಲ್ಲುವುದನ್ನು ಓದುಗರಲ್ಲಿ ಅನೇಕರು ನೋಡಿರಬಹುದು. ಧ್ವಜವಂದನೆ ಮುಗಿದ ಮೇಲೆ ಮಕ್ಕಳು ಅವರ ಸುತ್ತ ನೆರೆಯುತ್ತಾರೆ. 'ಇದು ಯಾವುದಕ್ಕೆ ಕೊಟ್ಟದ್ದು?' ಎಂದು ಒಂದೊಂದನ್ನೂ ಮುಟ್ಟಿ ಕೇಳುತ್ತಾರೆ. ಅವರು ಹೇಳುತ್ತಾ ಹೋಗುತ್ತಾರೆ: ಇದು ಒಂಬತ್ತು ವರ್ಷದ ಸೇವೆಗೆ, ಇದು ಇಪ್ಪತ್ತು ವರ್ಷಕ್ಕೆ, ಇದು ಎತ್ತರದ ಹಿಮಪ್ರದೇಶದಲ್ಲಿ ಇದ್ದದ್ದಕ್ಕೆ, ಇದು ಸ್ವಾತಂತ್ರ್ಯ ಬಂದು ಐವತ್ತು ವರ್ಷ ತುಂಬಿದ 1997ರಲ್ಲಿ ಸೇವೆಯಲ್ಲಿದ್ದವರಿಗೆಲ್ಲ ಕೊಟ್ಟದ್ದು.

ಆ ಸಾಲಿನಲ್ಲಿ ಒಂದು ಸಂಗತಿ ಮಾತ್ರ ಕಾಣಿಸುವುದಿಲ್ಲ. ಅದೇ ಮನುಷ್ಯ ಸೇವೆಯ ನಡುವೆ ನಕ್ಷೆ ಓದುವುದನ್ನು ಕಲಿತಿರುತ್ತಾನೆ. ತರಬೇತಿ ಶಾಲೆಗೆ ಹೋಗಿ ಹತ್ತು ಜನರನ್ನು ನಡೆಸುವ ಪಾಠ ಹೇಳಿಸಿಕೊಂಡಿರುತ್ತಾನೆ. ರಾತ್ರಿ ದೀಪದಡಿ ಕುಳಿತು ಓದಿ ಪರೀಕ್ಷೆ ಪಾಸು ಮಾಡಿರುತ್ತಾನೆ. ಹಳ್ಳಿಯಿಂದ ಹೋದ ಹುಡುಗ ಹವಾಲ್ದಾರನಾಗಿ ಮರಳುವುದರ ಹಿಂದೆ ಇಂಥ ಓದು ಇದ್ದೇ ಇರುತ್ತದೆ. ಆದರೆ ಎದೆಯ ಮೇಲಿನ ಬಣ್ಣಗಳಲ್ಲಿ ಅದಕ್ಕೆ ಜಾಗವಿಲ್ಲ.

ಜಾಗ ಇರಬೇಕೇ? ಇದ್ದರೆ ಯಾರಿಗೆ? ಸಿಪಾಯಿ, ಹವಾಲ್ದಾರರಿಗೆ ಮಾತ್ರವೇ, ಕರ್ನಲ್, ಜನರಲ್‌ಗಳಿಗೂ ಬೇಕೇ? ಇದು ಮೇಲ್ನೋಟಕ್ಕೆ ದರ್ಜಿಯ ಅಂಗಡಿಯಲ್ಲಿ ಇತ್ಯರ್ಥವಾಗಬೇಕಾದ ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ ಸೈನ್ಯವೊಂದು ಯಾವುದನ್ನು ಗೌರವಿಸುತ್ತದೆ, ಯಾರ ಕಲಿಕೆಯನ್ನು ಕಲಿಕೆ ಎಂದು ಒಪ್ಪುತ್ತದೆ ಎಂಬ ದೊಡ್ಡ ಪ್ರಶ್ನೆ ಅದರೊಳಗಿದೆ. ಅಮೆರಿಕದ ಸೈನ್ಯ ಈ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟಿತು. ಆ ಅರ್ಧ ಉತ್ತರದ ಕಥೆ ಸ್ವಾರಸ್ಯಕರವಾದದ್ದು. ಅದನ್ನು ತಿಳಿಯಲು ಇನ್ನೂರು ವರ್ಷಗಳಷ್ಟು ಹಿಂದೆ, ನಮ್ಮ ಶ್ರೀರಂಗಪಟ್ಟಣದಿಂದಲೇ ಹೊರಡಬಹುದು.

ಚಿನ್ನದಿಂದ ತವರದವರೆಗೆ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನ್ ಮಡಿದ. ಆ ಗೆಲುವಿನ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ಒಂದು ಪದಕ ಮಾಡಿಸಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿದ್ದ ಸೋಹೋ ಟಂಕಸಾಲೆಯಲ್ಲಿ ಅಚ್ಚಾದ ಈ ಪದಕದ ಒಂದು ಬದಿಯಲ್ಲಿ ಸಿಂಹ ಹುಲಿಯನ್ನು ಕೆಡವಿ ಮೇಲೆ ನಿಂತಿದೆ. ಸಿಂಹ ಬ್ರಿಟನ್, ಹುಲಿ ಟಿಪ್ಪು ಎಂದು ಬೇರೆ ಹೇಳಬೇಕಾಗಿಲ್ಲ. ಇನ್ನೊಂದು ಬದಿಯಲ್ಲಿ ಕೋಟೆಗೆ ಲಗ್ಗೆ ಹಾಕುವ ದೃಶ್ಯವಿದೆ.

ಪದಕದ ಚಿತ್ರ ಎಲ್ಲರಿಗೂ ಒಂದೇ. ಲೋಹ ಮಾತ್ರ ಬೇರೆ ಬೇರೆ. ಅತ್ಯುನ್ನತ ಸೇನಾನಿಗಳಿಗೆ ಚಿನ್ನ, ಅವರ ಕೆಳಗಿನ ಹಿರಿಯ ಅಧಿಕಾರಿಗಳಿಗೆ ಚಿನ್ನದ ನೀರು ಕೊಟ್ಟ ಬೆಳ್ಳಿ, ಕಿರಿಯ ಅಧಿಕಾರಿಗಳಿಗೆ ಬೆಳ್ಳಿ, ಅವರಿಗಿಂತ ಕೆಳಗಿನ ನಾಯಕರಿಗೆ ಕಂಚು, ಸಾಮಾನ್ಯ ಸಿಪಾಯಿಗೆ ತವರ. ಒಂದೇ ಬಿರುಕಿನಲ್ಲಿ ನುಗ್ಗಿ, ಒಂದೇ ಗುಂಡಿನ ಮಳೆಗೆ ಎದೆಯೊಡ್ಡಿದವರ ಗೌರವವನ್ನು ಅವರವರ ದರ್ಜೆಯ ತಕ್ಕಡಿಯಲ್ಲಿ ತೂಗಲಾಯಿತು. ಆ ಕಾಲಕ್ಕೆ ಇದು ಯಾರಿಗೂ ಅಸಹಜವೆನಿಸಿದಂತಿಲ್ಲ. ಸಾಮಾನ್ಯ ಸಿಪಾಯಿಗೂ ಪದಕ ಕೊಟ್ಟದ್ದೇ ದೊಡ್ಡ ಮಾತಾಗಿತ್ತು.

ಹದಿನಾರು ವರ್ಷಗಳ ನಂತರ, 1815ರ ಜೂನ್ 18ರಂದು ವಾಟರ್ಲೂ ಕದನ ನಡೆದು ನೆಪೋಲಿಯನ್ ಸೋತ. ಅಲ್ಲಿ ಹೋರಾಡಿದ ಬ್ರಿಟಿಷ್ ಸೈನಿಕರಿಗೆ ಸರ್ಕಾರ ಕೊಟ್ಟ ಪದಕ ಎಲ್ಲರಿಗೂ ಬೆಳ್ಳಿಯದು. ಸೇನಾನಿ ವೆಲಿಂಗ್ಟನ್‌ಗೂ ತಮಟೆ ಬಾರಿಸಿದ ಹುಡುಗನಿಗೂ ಅದೇ ಲೋಹ, ಅದೇ ಪಟ್ಟಿ. ಅಂಚಿನಲ್ಲಿ ಪಡೆದವನ ಹೆಸರು. ಈ ವೆಲಿಂಗ್ಟನ್ ಬೇರೆ ಯಾರೂ ಅಲ್ಲ, ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ. ಚಿನ್ನ–ತವರದ ಪದ್ಧತಿಯಿಂದ ಎಲ್ಲರಿಗೂ ಬೆಳ್ಳಿ ಎಂಬ ಪದ್ಧತಿಯವರೆಗಿನ ದಾರಿ ಒಬ್ಬ ಮನುಷ್ಯನ ಸೇವಾವಧಿಯೊಳಗೇ ಸವೆದಿತ್ತು.

ಅಂದಿನಿಂದ ಸೈನಿಕ ಗೌರವಗಳ ಇತಿಹಾಸದಲ್ಲಿ ಎರಡು ಹಾದಿಗಳು ಕಾಣುತ್ತವೆ. ಒಂದು, ಎಲ್ಲ ದರ್ಜೆಗೂ ಒಂದೇ ಗೌರವ. ಪ್ರಷ್ಯದ ರಾಜ 1813ರ ಮಾರ್ಚಿಯಲ್ಲಿ ಸ್ಥಾಪಿಸಿದ ಕಬ್ಬಿಣದ ಶಿಲುಬೆ ಇಂಥದ್ದು. 1856ರಲ್ಲಿ ಸ್ಥಾಪನೆಯಾದ ವಿಕ್ಟೋರಿಯಾ ಕ್ರಾಸ್ ಇಂಥದ್ದು, ಭಾರತೀಯ ಸೈನಿಕರು ಅದಕ್ಕೆ ಅರ್ಹರಾಗಲು 1911ರವರೆಗೆ ಕಾಯಬೇಕಾಯಿತು ಎಂಬ ಕಹಿಸತ್ಯ ಹೊರತಾಗಿ. ಸ್ವತಂತ್ರ ಭಾರತದ ಪರಮವೀರ ಚಕ್ರವೂ ದರ್ಜೆ ನೋಡುವುದಿಲ್ಲ.

ಇನ್ನೊಂದು ಹಾದಿ, ಕೆಳದರ್ಜೆಯವರಿಗೆಂದೇ ಪ್ರತ್ಯೇಕ ಗೌರವ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ, 1782ರ ಆಗಸ್ಟ್ 7ರಂದು ಜಾರ್ಜ್ ವಾಷಿಂಗ್ಟನ್ ಒಂದು ಆಜ್ಞೆ ಹೊರಡಿಸಿ, ವಿಶೇಷ ಯೋಗ್ಯತೆ ತೋರಿದ ಸಾರ್ಜೆಂಟರಿಗೂ ಸಾಮಾನ್ಯ ಸೈನಿಕರಿಗೂ ನೇರಳೆ ಬಣ್ಣದ ಬಟ್ಟೆಯ ಹೃದಯಾಕಾರದ ಗುರುತನ್ನು ಕೊಡತಕ್ಕದ್ದೆಂದು ವಿಧಿಸಿದ. ಯೂರೋಪಿನಲ್ಲಿ ಗೌರವ ಗುರುತುಗಳು ಶ್ರೀಮಂತ ಕುಲದ ಅಧಿಕಾರಿಗಳ ಸೊತ್ತಾಗಿದ್ದ ಕಾಲದಲ್ಲಿ ಇದು ಧೀರವಾದ ಹೆಜ್ಜೆ. ಅಮೆರಿಕದ ಅತ್ಯುಚ್ಚ ಶೌರ್ಯಪದಕ ಮೆಡಲ್ ಆಫ್ ಆನರ್ ಕೂಡ 1861–62ರಲ್ಲಿ ಮೊದಲು ಬಂದದ್ದು ಅಧಿಕಾರಿಗಳಲ್ಲದವರಿಗಾಗಿ. ಭೂಸೇನೆಯ ಅಧಿಕಾರಿಗಳಿಗೆ ಅದು 1863ರಲ್ಲಿ ದೊರೆಯಲಾರಂಭಿಸಿತು. ನೌಕಾಪಡೆಯ ಅಧಿಕಾರಿಗಳು 1915ರವರೆಗೆ ಕಾಯಬೇಕಾಯಿತು! ಕೆಳಗಿನವರಿಗೆಂದು ಹುಟ್ಟಿದ ಗೌರವ ಕಾಲಕ್ರಮದಲ್ಲಿ ಎಲ್ಲರ ಗೌರವವಾದ ಈ ಉದಾಹರಣೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದಕ್ಕೆ ಮರಳಬೇಕಾಗುತ್ತದೆ.

ಕತ್ತಿಯ ಪಕ್ಕದಲ್ಲಿ ಪುಸ್ತಕ

ಶೌರ್ಯಕ್ಕೆ, ಸೇವೆಗೆ ಪದಕ ಸಿಕ್ಕಿತು. ಓದಿಗೆ?

ಸೈನ್ಯದಲ್ಲಿ ಓದಿಗೆ ಮರ್ಯಾದೆ ಬಂದ ಕಥೆ ಒಂದು ಸೋಲಿನಿಂದ ಆರಂಭವಾಗುತ್ತದೆ. 1806ರಲ್ಲಿ ಯೇನಾ ಮತ್ತು ಔವರ್‌ಸ್ಟೆಡ್ ಕದನಗಳಲ್ಲಿ ನೆಪೋಲಿಯನ್ನನ ಸೈನ್ಯ ಪ್ರಷ್ಯವನ್ನು ಒಂದೇ ದಿನದಲ್ಲಿ ಪುಡಿಗಟ್ಟಿತು. ಮಹಾರಾಜ ಫ್ರೆಡರಿಕ್ ಕಟ್ಟಿದ ಸೈನ್ಯ, ಯೂರೋಪಿನಲ್ಲೇ ಶ್ರೇಷ್ಠವೆನಿಸಿಕೊಂಡದ್ದು, ಹೀಗೇಕೆ ಕುಸಿಯಿತು ಎಂದು ಶಾರ್ನ್‌ಹಾರ್ಸ್ಟ್ ಮೊದಲಾದ ಸುಧಾರಕರು ಯೋಚಿಸಿದರು. ಕುಲೀನ ಮನೆತನದಲ್ಲಿ ಹುಟ್ಟಿದ್ದೇ ಅಧಿಕಾರಿಯಾಗಲು ಸಾಕಾಗಿದ್ದ ವ್ಯವಸ್ಥೆಯೇ ರೋಗದ ಮೂಲವೆಂದು ಅವರಿಗೆ ಕಂಡಿತು. 1808ರ ಆಗಸ್ಟ್ 6ರ ರಾಜಾಜ್ಞೆ ಆ ಬೇರನ್ನು ಕಡಿಯಿತು. ಶಾಂತಿಕಾಲದಲ್ಲಿ ಅಧಿಕಾರಿಯ ಹುದ್ದೆಗೆ ಜ್ಞಾನ ಮತ್ತು ವಿದ್ಯಾಭ್ಯಾಸ, ಯುದ್ಧಕಾಲದಲ್ಲಿ ಅಸಾಧಾರಣ ಶೌರ್ಯ ಮತ್ತು ಸಮಯಸ್ಫೂರ್ತಿ, ಇವೇ ಅರ್ಹತೆ ಎಂದು ಅದು ಸಾರಿತು. 1810ರಲ್ಲಿ ಬರ್ಲಿನ್ನಿನಲ್ಲಿ ಯುದ್ಧಶಾಲೆ ತೆರೆಯಿತು. ಮುಂದೆ ಪ್ರಸಿದ್ಧನಾದ ಯುದ್ಧತತ್ತ್ವಜ್ಞ ಕ್ಲಾಸೆವಿಟ್ಸ್ 1818ರಿಂದ 1830ರವರೆಗೆ ಅದರ ನಿರ್ದೇಶಕನಾಗಿದ್ದ. ಮುಂದಿನ ಜರ್ಮನ್ ಸೈನ್ಯದಲ್ಲಿ ಜನರಲ್ ಸ್ಟಾಫಿಗೆ ಆಯ್ಕೆಯಾದ ಅಧಿಕಾರಿಗಳ ಷರಾಯಿಯ ಪಕ್ಕದಲ್ಲಿ ಕಡುಗೆಂಪು ಪಟ್ಟೆ ಇರುತ್ತಿತ್ತು. ಓದಿ ಮೇಲೆ ಬಂದವನ ಗುರುತು ಎದೆಯ ಮೇಲಲ್ಲದಿದ್ದರೂ ಕಾಲಿನ ಮೇಲೆ ಕಂಡಿತು!

ಬ್ರಿಟಿಷರು ಇದನ್ನು ಕಾಗದದ ಮೇಲೆ ಮಾಡಿದರು. 1858ರಲ್ಲಿ ಸ್ಟಾಫ್ ಕಾಲೇಜ್ ಆರಂಭವಾಯಿತು. ಅಲ್ಲಿ ತೇರ್ಗಡೆಯಾದ ಅಧಿಕಾರಿಯ ಹೆಸರಿನ ಮುಂದೆ ಸೇನಾ ಪಟ್ಟಿಯಲ್ಲಿ 'ಪಿಎಸ್‌ಸಿ' ಎಂಬ ಮೂರು ಅಕ್ಷರ ಅಚ್ಚಾಗುತ್ತಿತ್ತು. ಸ್ಟಾಫ್ ಕಾಲೇಜ್ ಪಾಸಾದವನು ಎಂಬುದು ಅದರ ಅರ್ಥ. ಆ ಕಾಲೇಜಿನ ಲಾಂಛನ ಗೂಬೆ. ನಮ್ಮಲ್ಲಿ ಗೂಬೆ ಕೂಗಿದರೆ ಅಪಶಕುನ ಎನ್ನುತ್ತೇವೆ. ಯೂರೋಪಿನವರಿಗೆ ಅದು ವಿದ್ಯಾಧಿದೇವತೆ ಮಿನರ್ವಳ ಹಕ್ಕಿ. ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿರುವ ನಮ್ಮ ರಕ್ಷಣಾ ಸೇವೆಗಳ ಸ್ಟಾಫ್ ಕಾಲೇಜಿನ ಲಾಂಛನದಲ್ಲಿಯೂ ಆ ಗೂಬೆ ಕುಳಿತಿದೆ.

ಕೆಳದರ್ಜೆಯವರ ಓದು ಬೇರೆ ದಾರಿಯಲ್ಲಿ ಬಂತು. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಸೈನ್ಯದಲ್ಲಿ ಅಕ್ಷರ ಬಾರದ ಸೈನಿಕರು ಬಹಳ. ಅವರಿಗೆ ಓದು ಬರಹ ಕಲಿಸಲು 1846ರಲ್ಲಿ ಸೇನಾ ಉಪಾಧ್ಯಾಯರ ದಳ ರಚನೆಯಾಯಿತು. 1861ರಲ್ಲಿ ಶಿಕ್ಷಣ ಪ್ರಮಾಣಪತ್ರಗಳು ಬಂದವು. ಕಾರ್ಪೊರಲ್ ಆಗಲು ಮೂರನೆಯ ದರ್ಜೆಯದು, ಸಾರ್ಜೆಂಟ್ ಆಗಲು ಎರಡನೆಯದು, ಸಾಮಾನ್ಯ ಸೈನಿಕ ಮುಂದೆ ಅಧಿಕಾರಿಯಾಗಬೇಕಾದರೆ ಮೊದಲನೆಯ ದರ್ಜೆಯದು. ಬ್ರಿಟಿಷ್ ಪದ್ಧತಿಯನ್ನು ಅನುಸರಿಸಿ ಬೆಳೆದ ಭಾರತೀಯ ಸೈನ್ಯದಲ್ಲಿಯೂ ಬಡ್ತಿಗೂ ಪ್ರಮಾಣಪತ್ರಕ್ಕೂ ಗಂಟು ಬಿತ್ತು. ಅಧಿಕಾರಿಗೆ ಮೂರು ಅಕ್ಷರ, ಸೈನಿಕನಿಗೆ ಒಂದು ಕಾಗದ. ಎರಡೂ ಕಡತದೊಳಗೆ ಭದ್ರ. ಮೈದಾನದಲ್ಲಿ ನಿಂತಾಗ ಎರಡೂ ಕಾಣಿಸುವುದಿಲ್ಲ.

ಸೋವಿಯತ್ ಒಕ್ಕೂಟ ಮೂರನೆಯ ದಾರಿ ಹಿಡಿಯಿತು. ಅಲ್ಲಿ ಸೈನಿಕ ಅಕಾಡೆಮಿಯಲ್ಲಿ ಓದಿದ ಅಧಿಕಾರಿ ಬಲ ಎದೆಯ ಮೇಲೆ ವಜ್ರಾಕೃತಿಯ ಬಿಲ್ಲೆಯೊಂದನ್ನು ಧರಿಸುತ್ತಿದ್ದ. ತನ್ನ ಕಸುಬಿನಲ್ಲಿ ಪರೀಕ್ಷೆ ಕೊಟ್ಟು ಪಳಗಿದವನಿಗೆ ಮೂರನೆಯ, ಎರಡನೆಯ, ಒಂದನೆಯ ದರ್ಜೆ ಎಂದು ಅಂಕಿ ಇರುವ ಬಿಲ್ಲೆ ಸಿಗುತ್ತಿತ್ತು. ಓದಿನ ಗುರುತು ಶೌರ್ಯದ ಗುರುತಿನೊಂದಿಗೆ ಬೆರೆಯದಂತೆ ಬೇರೆ ರೂಪದಲ್ಲಿ ಇಟ್ಟದ್ದು ಈ ಪದ್ಧತಿಯ ಜಾಣತನ.

ಕ್ವೆಟ್ಟಾದಿಂದ ಮರಳಿದ ಕಾರ್ಯಪ್ಪ

ಈ ಅಕ್ಷರ, ಕಾಗದಗಳ ಬೆಲೆ ಎಷ್ಟು ಎಂಬುದಕ್ಕೆ ನಮ್ಮವರದೇ ಒಂದು ನಿದರ್ಶನವಿದೆ.

ಭಾರತದ ಸ್ಟಾಫ್ ಕಾಲೇಜ್ 1905ರಲ್ಲಿ ದೇವಳಾಲಿಯಲ್ಲಿ ಆರಂಭವಾಗಿ, 1907ರಲ್ಲಿ ಈಗಿನ ಪಾಕಿಸ್ತಾನದ ಕ್ವೆಟ್ಟಾಗೆ ಹೋಯಿತು. ದೇಶ ಇಬ್ಭಾಗವಾದ 1947ರಲ್ಲಿ ನಮ್ಮ ಪಾಲಿನ ಕಾಲೇಜು ವೆಲ್ಲಿಂಗ್ಟನ್ನಿಗೆ ಬಂತು. ಆರಂಭದ ಕಾಲು ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿ ಓದಿದವರೆಲ್ಲ ಬ್ರಿಟಿಷ್ ಅಧಿಕಾರಿಗಳು. 1933ರಲ್ಲಿ ಆ ಬಾಗಿಲು ದಾಟಿದ ಮೊದಲ ಭಾರತೀಯ ಅಧಿಕಾರಿ ಕೊಡಗಿನ ಕೊಡಂದೇರ ಮಾದಪ್ಪ ಕಾರ್ಯಪ್ಪ.

ಸ್ಟಾಫ್ ಕಾಲೇಜ್ ಮುಗಿಸಿದ ಅಧಿಕಾರಿಗೆ ವಾಡಿಕೆಯಂತೆ ಸ್ಟಾಫ್ ಹುದ್ದೆ, ಅಂದರೆ ಯೋಜನೆ, ಸರಬರಾಜು, ಆಡಳಿತ ಮೊದಲಾದವನ್ನು ನೋಡಿಕೊಳ್ಳುವ ಕೇಂದ್ರ ಕಚೇರಿಯ ಜವಾಬ್ದಾರಿ ದೊರೆಯಬೇಕು. ಓದಿಸುವುದೇ ಅದಕ್ಕಾಗಿ. ಕಾರ್ಯಪ್ಪನವರಿಗೆ ಆ ಹುದ್ದೆ ಕೂಡಲೇ ಸಿಗಲಿಲ್ಲ. ಅವರು ತಮ್ಮ ಪಡೆಗೆ ಮರಳಿ ವಾಯವ್ಯ ಗಡಿಯಲ್ಲಿ ಕೆಲಸ ಮಾಡಿದರು. ಸ್ಟಾಫ್ ಕ್ಯಾಪ್ಟನ್ ಹುದ್ದೆ ದೊರೆತದ್ದು 1936ರಲ್ಲಿ. ಅಕ್ಷರಗಳು ಹೆಸರಿನ ಮುಂದೆ ಬಂದಿದ್ದರೂ ಅವುಗಳಿಗೆ ಸಲ್ಲಬೇಕಾದ ಕೆಲಸ ಬರಲು ಕಾಯಬೇಕಾಯಿತು. 1949ರ ಜನವರಿ 15ರಂದು ಅದೇ ಕಾರ್ಯಪ್ಪನವರು ಭಾರತೀಯ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವನ್ನು ಇಂದಿಗೂ ಸೇನಾ ದಿನವೆಂದು ಆಚರಿಸುತ್ತೇವೆ.

ಈ ಪ್ರಸಂಗದಿಂದ ಒಂದು ಮಾತು ಸ್ಪಷ್ಟ. ಕಲಿಕೆಯ ಗುರುತು ಒಂದು, ಕಲಿತದ್ದನ್ನು ಬಳಸಲು ಕೊಡುವ ಅವಕಾಶ ಇನ್ನೊಂದು. ಎರಡನೆಯದಿಲ್ಲದೆ ಮೊದಲನೆಯದು ಅಲಂಕಾರವಾಗಿ ಉಳಿಯುತ್ತದೆ.

ಸಾರ್ಜೆಂಟರ ಶಾಲೆ

ಈಗ ಅಮೆರಿಕಕ್ಕೆ ಬರೋಣ. ಅಲ್ಲಿ ಅಧಿಕಾರಿಗಳ ಶಾಲೆಗಳು ಹಳೆಯವು. ವೆಸ್ಟ್ ಪಾಯಿಂಟ್ ಅಕಾಡೆಮಿ 1802ರಲ್ಲಿ, ಲೆವೆನ್‌ವರ್ತ್ ಶಾಲೆ 1881ರಲ್ಲಿ, ಆರ್ಮಿ ವಾರ್ ಕಾಲೇಜ್ 1901ರಲ್ಲಿ ಸ್ಥಾಪನೆಯಾದವು. ಸಾರ್ಜೆಂಟ್ ಮಾತ್ರ ಬಹುಕಾಲ ಪಡೆಯೊಳಗೇ, ಹಿರಿಯರನ್ನು ನೋಡಿ, ಬೈಸಿಕೊಂಡು, ತಪ್ಪು ಮಾಡಿ ಕಲಿಯಬೇಕಾಗಿತ್ತು. ನಮ್ಮ ಕಮ್ಮಾರಸಾಲೆ, ಗಾರೆ ಕೆಲಸದಲ್ಲಿ ಹುಡುಗರು ಕಸುಬು ಕಲಿಯುವ ಹಾಗೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇದು ಸಾಲದಾಯಿತು. ಸೋತ ಜರ್ಮನಿಯನ್ನು ಕಾಯಲು ಉಳಿದಿದ್ದ ಅಮೆರಿಕನ್ ಪಡೆಗಳಲ್ಲಿ ಅನುಭವಿ ಸಾರ್ಜೆಂಟರು ಮನೆಗೆ ಮರಳಿದ್ದರು. ಎಳೆಯ ಹುಡುಗರು ತುಂಬಿಕೊಂಡಿದ್ದರು. 1947ರಲ್ಲಿ ಜರ್ಮನಿಯಲ್ಲೇ ಸಾರ್ಜೆಂಟರಿಗಾಗಿ ಅಕಾಡೆಮಿಯೊಂದು ಹುಟ್ಟಿತು. ವಿಯೆಟ್ನಾಂ ಯುದ್ಧ ಈ ಕೊರತೆಯನ್ನು ಇನ್ನಷ್ಟು ಬಯಲು ಮಾಡಿತು. ಅಲ್ಲಿ ಸಾರ್ಜೆಂಟರು ಸಾಯುವ, ಗಾಯಗೊಳ್ಳುವ, ಅವಧಿ ಮುಗಿಸಿ ಹೊರಡುವ ವೇಗಕ್ಕೆ ಹೊಸಬರು ತಯಾರಾಗಲಿಲ್ಲ. 1967ರಲ್ಲಿ ಜಾರ್ಜಿಯಾದ ಫೋರ್ಟ್ ಬೆನ್ನಿಂಗಿನಲ್ಲಿ ಆಯ್ದ ಹುಡುಗರನ್ನು ಕೆಲವೇ ತಿಂಗಳಲ್ಲಿ ಸಾರ್ಜೆಂಟ್ ಮಾಡಿ ಕಳಿಸುವ ಯೋಜನೆ ಆರಂಭವಾಯಿತು. ಹಳಬರು ಇವರನ್ನು ಅಂಗಡಿಯಲ್ಲಿ ಸಿಗುವ ದಿಢೀರ್ ಮಸಾಲೆ ಪೊಟ್ಟಣದ ಹೆಸರಿಟ್ಟು ಗೇಲಿ ಮಾಡಿದರು. ಗೇಲಿಗೆ ಗುರಿಯಾದವರಲ್ಲಿ ಬಹಳ ಮಂದಿ ಕಾಡಿನ ಕದನಗಳಲ್ಲಿ ತಮ್ಮ ತುಕಡಿಗಳನ್ನು ಚೆನ್ನಾಗಿಯೇ ನಡೆಸಿದರು.

ಇದರಿಂದ ಪಾಠ ಕಲಿತು 1971ರಲ್ಲಿ ಸಾರ್ಜೆಂಟರ ಶಿಕ್ಷಣಕ್ಕೆ ಹಂತಹಂತದ ವ್ಯವಸ್ಥೆ ರೂಪಿಸಲಾಯಿತು. 1972ರಲ್ಲಿ ಟೆಕ್ಸಾಸಿನ ಫೋರ್ಟ್ ಬ್ಲಿಸ್‌ನಲ್ಲಿ ಅತ್ಯಂತ ಹಿರಿಯ ಸಾರ್ಜೆಂಟರಿಗಾಗಿ ಸಾರ್ಜೆಂಟ್ಸ್ ಮೇಜರ್ ಅಕಾಡೆಮಿ ಸ್ಥಾಪನೆಯಾಯಿತು. 1973ರಲ್ಲಿ ಕಡ್ಡಾಯ ಭರ್ತಿ ನಿಂತು, ಸ್ವಇಚ್ಛೆಯಿಂದ ಬಂದವರನ್ನು ಉಳಿಸಿಕೊಳ್ಳಬೇಕಾದ ಕಾಲ ಬಂತು. ಉಳಿಯಬೇಕಾದರೆ ವೃತ್ತಿಯಲ್ಲಿ ಮೇಲೇರುವ ಮೆಟ್ಟಿಲು ಕಾಣಬೇಕು. ಮೆಟ್ಟಿಲೇರಿದವನಿಗೆ ಮರ್ಯಾದೆ ಕಾಣಬೇಕು.

ಆ ಮರ್ಯಾದೆಯ ಒಂದು ರೂಪವೇ ರಿಬ್ಬನ್. ಇಲ್ಲಿ ಸ್ವಲ್ಪ ವಿವರಣೆ ಅಗತ್ಯ. ಪದಕವೆಂದರೆ ಬಣ್ಣದ ಪಟ್ಟಿಯಿಂದ ಇಳಿಬಿಟ್ಟ ಲೋಹದ ಬಿಲ್ಲೆ. ಅದನ್ನು ವಿಶೇಷ ದಿನಗಳಲ್ಲಿ ಧರಿಸುತ್ತಾರೆ. ಉಳಿದ ದಿನಗಳಲ್ಲಿ ಬಿಲ್ಲೆ ಬಿಟ್ಟು ಆ ಪಟ್ಟಿಯ ತುಂಡನ್ನಷ್ಟೇ ಎಡ ಜೇಬಿನ ಮೇಲೆ ಸಾಲಾಗಿ ಜೋಡಿಸುತ್ತಾರೆ. ಅಮೆರಿಕದಲ್ಲಿ ಲೋಹದ ಬಿಲ್ಲೆಯೇ ಇಲ್ಲದ, ಬರಿಯ ಪಟ್ಟಿಯಾಗಿರುವ ಗೌರವಗಳೂ ಇವೆ. ಅವು ಬಹುಮಟ್ಟಿಗೆ ಪದಕಗಳಿಗಿಂತ ಕೆಳಗಿನವು. ಒತ್ತೊತ್ತಾಗಿ ಜೋಡಿಸಿದ ಈ ಬಣ್ಣಗಳ ರಾಶಿಗೆ ಅಲ್ಲಿನ ಸೈನಿಕರು ಇಟ್ಟ ಅಡ್ಡಹೆಸರು 'ಫ್ರೂಟ್ ಸಲಾಡ್'. ನಾವಾಗಿದ್ದರೆ ಕೋಸಂಬರಿ ಎನ್ನುತ್ತಿದ್ದೆವೇನೋ.

ಅಮೆರಿಕದ ವಾಯುಸೇನೆ 1962ರ ಆಗಸ್ಟ್‌ನಲ್ಲಿ, ಯೂಜಿನ್ ಝುಕರ್ಟ್ ಆ ಇಲಾಖೆಯ ಕಾರ್ಯದರ್ಶಿಯಾಗಿದ್ದಾಗ, ವೃತ್ತಿಶಿಕ್ಷಣ ಶಾಲೆಗಳಲ್ಲಿ ತೇರ್ಗಡೆಯಾದ ಸಾರ್ಜೆಂಟರಿಗೆ ಇಂಥ ಪಟ್ಟಿಯೊಂದನ್ನು ಸ್ಥಾಪಿಸಿತು. ಮೇಲಿನ ಹಂತದ ಶಾಲೆ ಮುಗಿಸಿದವನಿಗೆ ಪಟ್ಟಿಯ ಮೇಲೆ ಸಿಕ್ಕಿಸಲು ಎಲೆಗೊಂಚಲಿನ ಆಕಾರದ ಪುಟ್ಟ ಲೋಹದ ಗುರುತು. ಭೂಸೇನೆ 1981ರ ಏಪ್ರಿಲ್‌ನಲ್ಲಿ ಅದೇ ಹಾದಿ ಹಿಡಿಯಿತು. ಅಲ್ಲಿ ಮೊದಲ ಹಂತದ ಶಾಲೆಗೆ ಬರಿಯ ಪಟ್ಟಿ. ಮುಂದಿನ ಹಂತ ದಾಟಿದಂತೆ ಅದರ ಮೇಲೆ ಅಂಕಿ. ಹೀಗೆ ನೋಡಿದ ಕೂಡಲೇ ಈ ಸಾರ್ಜೆಂಟ್ ಎಷ್ಟನೆಯ ತರಗತಿಯವರೆಗೆ ಓದಿದ್ದಾನೆ ಎಂದು ತಿಳಿಯುವಂತಾಯಿತು.

ಅಧಿಕಾರಿಗೆ ಏಕಿಲ್ಲ?

ಆದರೆ ಈ ಎರಡೂ ಪಟ್ಟಿಗಳು ಸ್ಥಾಪನೆಯಾದದ್ದು ಸಾರ್ಜೆಂಟರಿಗೆ ಮಾತ್ರ. ಲೆವೆನ್‌ವರ್ತ್‌ನಲ್ಲಿ ಒಂದು ವರ್ಷ ಕುಳಿತು ಓದಿದ ಮೇಜರ್‌ಗೆ, ವಾರ್ ಕಾಲೇಜಿನಲ್ಲಿ ಓದಿದ ಕರ್ನಲ್‌ಗೆ ಅಂಥ ಪಟ್ಟಿ ಇರಲಿಲ್ಲ. ಇದರಿಂದ ಒಂದು ವಿಚಿತ್ರವೂ ಹುಟ್ಟಿತು. ಸಾರ್ಜೆಂಟನಾಗಿದ್ದಾಗ ಈ ಪಟ್ಟಿ ಗಳಿಸಿ ಮುಂದೆ ಅಧಿಕಾರಿಯಾದವನು ಅದನ್ನು ಕಳಚಬೇಕಾಗಿರಲಿಲ್ಲ. ಹೀಗಾಗಿ ಅಧಿಕಾರಿಯೊಬ್ಬನ ಎದೆಯ ಮೇಲೆ ಆ ಪಟ್ಟಿ ಕಂಡರೆ, 'ಈತ ಕೆಳಗಿನಿಂದ ಮೇಲೆ ಬಂದವನು' ಎಂದು ಸೈನಿಕರು ಅರ್ಥಮಾಡಿಕೊಳ್ಳುತ್ತಿದ್ದರು. ಶಿಕ್ಷಣದ ಗುರುತು ಮೂಲದ ಗುರುತಾಗಿ ತಿರುಗಿತು.

ಅಧಿಕಾರಿಗಳಿಗೂ ಕೊಡಬೇಕೆನ್ನುವವರ ವಾದದಲ್ಲಿ ತೂಕವಿದೆ. ಓದು ಸೈನಿಕ ವೃತ್ತಿಯ ಗುಣವೆಂದಾದರೆ ಅದು ಎಲ್ಲ ದರ್ಜೆಗೂ ಗುಣವೇ. ಕೆಳಗಿನವರಿಗೆ ಮಾತ್ರ ಅದರ ಗುರುತು ಕೊಟ್ಟರೆ, 'ಸಾರ್ಜೆಂಟ್ ಆಗಿಯೂ ಓದಿದ್ದಾನೆ, ಶಹಭಾಸ್' ಎಂಬ ದೊಡ್ಡಸ್ತಿಕೆಯ ದನಿ ಅದರಲ್ಲಿ ಕೇಳಿಸುತ್ತದೆ. ಶ್ರೀರಂಗಪಟ್ಟಣದ ತವರದ ಬಿಲ್ಲೆಯನ್ನು ಅದು ನೆನಪಿಸುತ್ತದೆ. ಮೇಲಾಗಿ ತಾವು ಆಜ್ಞೆ ಪಡೆಯುವ ಅಧಿಕಾರಿ ಏನು ಓದಿದ್ದಾನೆಂದು ತಿಳಿಯುವ ಹಕ್ಕು ಸೈನಿಕರಿಗೂ ಇರಬೇಕಲ್ಲವೆ? ಮೆಡಲ್ ಆಫ್ ಆನರ್ ಕೆಳಗಿನಿಂದ ಮೇಲಕ್ಕೆ ಹರಡಿ ಎಲ್ಲರದಾದ ಹಾಗೆ ಇದೂ ಆಗಲಿ ಎಂಬುದು ಅವರ ಆಶಯ.

ಬೇಡವೆನ್ನುವವರ ವಾದ ಹೀಗೆ. ಅಧಿಕಾರಿಗೆ ಓದು ಹುದ್ದೆಯ ಷರತ್ತು. ಲೆಫ್ಟಿನೆಂಟ್ ಕರ್ನಲ್‌ನ ಹೆಗಲ ಮೇಲಿನ ಚಿಹ್ನೆಯೇ ಆತ ಇಂತಿಷ್ಟು ಓದಿದವನೆಂದು ಹೇಳುತ್ತದೆ. ಎಲ್ಲರಿಗೂ ಇರುವ ಗುರುತು ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಮದುವೆಮನೆಯಲ್ಲಿ ಬಂದವರಿಗೆಲ್ಲ ಕೊಡುವ ತಾಂಬೂಲದಂತೆ ಅದು ಮರ್ಯಾದೆಯೇ ಹೊರತು ಬಿರುದಲ್ಲ. ಅದೂ ಅಲ್ಲದೆ ಪದಕ ಎಂಬುದು ಮನುಷ್ಯ ಇತರರಿಗಾಗಿ ಮಾಡಿದ್ದಕ್ಕೆ ಸಲ್ಲುವುದು. ಓದಿದ್ದು ತನಗಾಗಿ, ಅದರ ಫಲ ಬಡ್ತಿಯ ರೂಪದಲ್ಲಿ ಹೇಗೂ ಬರುತ್ತದೆ.

ಈ ಎರಡನೆಯ ವಾದಕ್ಕೆ ಒಂದು ತೊಡಕಿದೆ. ಭೂಸೇನೆ 2016ರ ಆರಂಭದಿಂದ ಸಾರ್ಜೆಂಟರಿಗೂ ಹೊಸ ನಿಯಮ ತಂದಿತು: ಆಯಾ ಹಂತದ ಶಾಲೆ ಮುಗಿಸಿದ ಮೇಲೆಯೇ ಬಡ್ತಿ. ಅಲ್ಲಿಗೆ ಸಾರ್ಜೆಂಟನ ತೋಳಿನ ಪಟ್ಟೆಗಳೇ ಆತ ಓದಿದವನೆಂದು ಸಾರತೊಡಗಿದವು. ಅಧಿಕಾರಿಗೆ ರಿಬ್ಬನ್ ಅನಗತ್ಯವೆನ್ನಲು ಯಾವ ಕಾರಣ ಕೊಟ್ಟರೋ ಅದೇ ಕಾರಣದಿಂದ ಸಾರ್ಜೆಂಟನ ರಿಬ್ಬನ್ನೂ ಅನಗತ್ಯವಾಗುತ್ತದೆ! 1962ರಲ್ಲಿ, 1981ರಲ್ಲಿ ಅದು ಹೊಸ ಸುದ್ದಿ ಹೇಳುತ್ತಿತ್ತು. ವ್ಯವಸ್ಥೆ ಗೆದ್ದು ಓದು ಸರ್ವೇಸಾಮಾನ್ಯವಾದಾಗ ಸುದ್ದಿ ಹಳತಾಯಿತು.

ಪಟ್ಟಿ ಹೆಚ್ಚಿದಾಗ

ಹಾಗಾದರೆ ಎಲ್ಲರಿಗೂ ಒಂದೊಂದು ಕೊಟ್ಟುಬಿಡಬಾರದೇಕೆ, ಬಟ್ಟೆಯ ತುಂಡಿಗೆ ಎಷ್ಟು ಖರ್ಚು ಎಂದು ಕೇಳಬಹುದು. ಖರ್ಚು ಬಟ್ಟೆಯದಲ್ಲ. 1983ರಲ್ಲಿ ಅಮೆರಿಕ ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪ ಗ್ರೆನಡಾದ ಮೇಲೆ ಸೈನಿಕ ಕಾರ್ಯಾಚರಣೆ ನಡೆಸಿತು. ದ್ವೀಪದಲ್ಲಿ ಇಳಿದಿದ್ದ ಭೂಸೇನೆಯವರು ಸುಮಾರು 7,000. ಕೊಟ್ಟ ಪದಕಗಳು 8,600ಕ್ಕೂ ಹೆಚ್ಚು. ದೂರದ ಕಚೇರಿಗಳಲ್ಲಿದ್ದವರಿಗೂ ಪದಕ ಸಂದಿತ್ತು. ಪತ್ರಿಕೆಗಳು ನಕ್ಕವು. ನಿಜವಾಗಿ ಗುಂಡಿನೆದುರು ನಿಂತವರ ಪದಕದ ಬೆಲೆಯೂ ಆ ನಗುವಿನಲ್ಲಿ ಇಳಿದುಹೋಯಿತು.

ಸೈನಿಕನಿಗೆ ಈ ಬಟ್ಟೆಯ ತುಂಡು ಎಷ್ಟು ದೊಡ್ಡದೆಂಬುದನ್ನು ಇನ್ನೊಂದು ದುರಂತ ತೋರಿಸಿತು. ಅಡ್ಮಿರಲ್ ಜೆರೆಮಿ ಮೈಕೆಲ್ ಬೂರ್ಡಾ ಸಾಮಾನ್ಯ ನಾವಿಕನಾಗಿ ಸೇರಿ ಅಮೆರಿಕದ ನೌಕಾಪಡೆಯ ಮುಖ್ಯಸ್ಥನ ಸ್ಥಾನಕ್ಕೇರಿದ ಮೊದಲಿಗರು. ವಿಯೆಟ್ನಾಂ ಕಾಲದ ಎರಡು ಪಟ್ಟಿಗಳ ಮೇಲೆ ಅವರು ಧರಿಸುತ್ತಿದ್ದ, ಯುದ್ಧಭೂಮಿಯ ಸೇವೆಯನ್ನು ಸೂಚಿಸುವ 'ವಿ' ಅಕ್ಷರದ ಪುಟ್ಟ ಲೋಹದ ಗುರುತಿಗೆ ಅವರು ಅರ್ಹರೇ ಎಂಬ ಪ್ರಶ್ನೆ ಎದ್ದಿತು. ಅದಕ್ಕೂ ಮೊದಲೇ ಅವರು ಆ ಗುರುತುಗಳನ್ನು ತೆಗೆದಿಟ್ಟಿದ್ದರು. ಪತ್ರಕರ್ತರಿಗೆ ಉತ್ತರಿಸಬೇಕಾಗಿದ್ದ ದಿನ, 1996ರ ಮೇ 16ರಂದು, ಅವರು ತಮ್ಮ ಪ್ರಾಣ ತಾವೇ ಕಳೆದುಕೊಂಡರು. ಹೊರಗಿನವರಿಗೆ ಇದು ಅರ್ಥವಾಗದ ಸಂಗತಿ. ಎದೆಯ ಮೇಲಿನ ಪ್ರತಿಯೊಂದು ಎಳೆಯೂ ಒಂದು ಮಾತು, ಆ ಮಾತು ಸುಳ್ಳಾಗಬಾರದು ಎಂದು ನಂಬಿ ಬದುಕುವ ಸಮಾಜದೊಳಗೆ ಅದು ಅರ್ಥವಾಗುತ್ತದೆ. ಹೊಸದೊಂದು ಪಟ್ಟಿ ಸೇರಿಸುವ ಮುನ್ನ ಈ ಭಾರವನ್ನು ನೆನೆಯಬೇಕು.

ನಮ್ಮ ದಾರಿ

ಭಾರತದಲ್ಲಿ ಓದಿಗೆ ರಿಬ್ಬನ್ ಇಲ್ಲ. ಅಧಿಕಾರಿಗೂ ಇಲ್ಲ, ಸಿಪಾಯಿಗೂ ಇಲ್ಲ. ಈ ಸಮಾನತೆ ಮೆಚ್ಚತಕ್ಕದ್ದೇ. ಕೌಶಲದ ವಿಷಯದಲ್ಲಿ ಮಾತ್ರ ಎಲ್ಲ ದರ್ಜೆಗೂ ಸಮನಾದ ಗುರುತುಂಟು. ಪ್ಯಾರಾಚೂಟಿನಿಂದ ಜಿಗಿಯಲು ಕಲಿತವರು ಧರಿಸುವ ರೆಕ್ಕೆಯ ಬಿಲ್ಲೆ ಕರ್ನಲ್‌ಗೂ ಸಿಪಾಯಿಗೂ ಒಂದೇ. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರವಿರುವ ಬೆಂಗಳೂರಿನಲ್ಲಿ ಅದನ್ನು ಕಾಣುವುದು ಕಷ್ಟವಲ್ಲ. ವಿಮಾನದ ಬಾಗಿಲಿನಿಂದ ಕೆಳಗೆ ನೋಡುವಾಗ ದರ್ಜೆ ಯಾರ ಸಹಾಯಕ್ಕೂ ಬರುವುದಿಲ್ಲವಾದ್ದರಿಂದ ಗುರುತೂ ಒಂದೇ ಆಗಿರುವುದು ನ್ಯಾಯ.

ಓದಿಗೆ ನಮ್ಮಲ್ಲಿರುವ ದೊಡ್ಡ ಬಹುಮಾನ ಬೇರೊಂದು. ಸಿಪಾಯಿಯಾಗಿ ಸೇರಿದವನು ಪರೀಕ್ಷೆ, ಸಂದರ್ಶನಗಳಲ್ಲಿ ಗೆದ್ದರೆ ಡೆಹ್ರಾಡೂನಿನ ಆರ್ಮಿ ಕೆಡೆಟ್ ಕಾಲೇಜಿನಲ್ಲಿ ಓದಿ, ಪದವಿ ಪಡೆದು, ಸೈನಿಕ ಅಕಾಡೆಮಿಯ ಮೂಲಕ ಅಧಿಕಾರಿಯಾಗಬಹುದು. ಅವನ ಎದೆಯ ಮೇಲೆ ಅದರ ಪಟ್ಟಿ ಇರುವುದಿಲ್ಲ. ಹೆಗಲ ಮೇಲೆ ನಕ್ಷತ್ರ ಬರುತ್ತದೆ. ಕಲಿತದ್ದನ್ನು ಬಳಸಲು ಸಿಗುವ ಅವಕಾಶವೇ ಕಲಿಕೆಗೆ ಸಲ್ಲುವ ಗೌರವ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಆದರೆ ಆ ಬಾಗಿಲು ಕಿರಿದು. ಅದನ್ನು ದಾಟದೆ ಹವಾಲ್ದಾರ್, ಸುಬೇದಾರ್ ಆಗಿ ಪಡೆಯ ಬೆನ್ನೆಲುಬಾಗಿ ನಿಲ್ಲುವವರೇ ಹೆಚ್ಚು. ಅವರ ಓದು ಕಡತದಲ್ಲಿ ಉಳಿಯುತ್ತದೆ.

ಕನ್ನಡ ನಾಡಿನ ಹಳೆಯ ಸಂಪ್ರದಾಯವೊಂದು ಇಲ್ಲಿ ನೆನಪಾಗುತ್ತದೆ. ಗಂಡಪೆಂಡೇರ ಮೂಲತಃ ವೀರನ ಕಾಲಿಗೆ ತೊಡಿಸುತ್ತಿದ್ದ ಬಿರುದಿನ ಕಡಗ. ಕಾಲಾಂತರದಲ್ಲಿ ಅದನ್ನು ವಿದ್ವಾಂಸರಿಗೂ ಕಲಾವಿದರಿಗೂ ತೊಡಿಸಿದರು. ರಣದಲ್ಲಿ ಗೆದ್ದವನಿಗೂ ವಿದ್ಯೆಯಲ್ಲಿ ಗೆದ್ದವನಿಗೂ ಒಂದೇ ಕಡಗ ಹೊಂದುತ್ತದೆಂದು ಒಪ್ಪಿದ ಸಮಾಜ ನಮ್ಮದು. ಆದರೆ ಆ ಕಡಗವನ್ನು ಕಂಡಕಂಡವರಿಗೆ ಕೊಡುತ್ತಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಇಷ್ಟು ನೋಡಿದ ಮೇಲೆ ಒಂದು ಅಭಿಪ್ರಾಯಕ್ಕೆ ಬರಬಹುದು. ಓದಿನ ಗುರುತು ಇರುವುದಾದರೆ ಎಲ್ಲ ದರ್ಜೆಗೂ ಇರಲಿ, ಒಂದೇ ರೂಪದಲ್ಲಿರಲಿ. ಬಡ್ತಿಗೆ ಬೇಕಾದಷ್ಟು ಓದಿದ್ದಕ್ಕೆ ಬೇಡ. ಅದನ್ನು ತೋಳಿನ ಪಟ್ಟೆಯೂ ಹೆಗಲ ನಕ್ಷತ್ರವೂ ಹೇಳುತ್ತವೆ. ಹುದ್ದೆ ಕೇಳಿದ್ದಕ್ಕಿಂತ ಹೆಚ್ಚು ಕಲಿತವನಿಗೆ, ಕಲಿತದ್ದನ್ನು ಇತರರಿಗೆ ಕಲಿಸಿದವನಿಗೆ ಸಲ್ಲಲಿ. ಶೌರ್ಯದ ಸಾಲಿನಿಂದ ಅದು ದೂರವಿರಲಿ, ಸೋವಿಯತ್ ಬಿಲ್ಲೆಯಂತೆ ಎದೆಯ ಇನ್ನೊಂದು ಬದಿಗೆ. ಇಷ್ಟಾಗದಿದ್ದರೆ ಈಗಿರುವಂತೆ ಯಾರಿಗೂ ಇಲ್ಲದಿರುವುದೇ ಲೇಸು. ಕೆಲವರಿಗೆ ಕೊಟ್ಟು ಕೆಲವರಿಗೆ ಬಿಡುವ ಅರ್ಧ ಉತ್ತರ, ಕೊಟ್ಟವರನ್ನೂ ಬಿಟ್ಟವರನ್ನೂ ಕುಗ್ಗಿಸುತ್ತದೆ.

ಅಲ್ಲಿಯವರೆಗೆ ಶಾಲೆಯ ಅಂಗಳದಲ್ಲಿ ನಿಂತ ಆ ಹವಾಲ್ದಾರರನ್ನು ಕೇಳುವ ಪ್ರಶ್ನೆಗಳಿಗೆ ಇನ್ನೊಂದನ್ನು ನಾವೇ ಸೇರಿಸಬಹುದು. ಪದಕಗಳ ಕಥೆ ಮುಗಿದ ಮೇಲೆ, ಸೈನ್ಯದಲ್ಲಿ ತಾವು ಏನೇನು ಓದಿದಿರಿ, ಯಾರಿಗೆ ಕಲಿಸಿದಿರಿ ಎಂದು ಕೇಳಿ ನೋಡಿ. ಆ ಉತ್ತರ ಸಾಮಾನ್ಯವಾಗಿ ಪದಕಗಳ ಕಥೆಗಿಂತ ಉದ್ದವಾಗಿರುತ್ತದೆ.